ಬೆಲ್ಲದ ವ್ಯಾಪಾರಿಯ ನಾಲ್ಕು ಜೊತೆ ಶೂ

"ಮೇಷ್ಟ್ರೇ, ನನ್ನ ಹತ್ತಿರ ಮೂರು ಜೊತೆ ಶೂ ಇವೆ. ಮ್ಯಾರಥಾನ್ ದಿನ ಯಾವುದನ್ನು ಹಾಕಿಕೊಳ್ಳಲಿ?"

ವನಮಾಲಾ ಹೀಗೆ ಕೇಳಿ, ಚೀಲದಿಂದ ಎರಡು ಜೊತೆಯನ್ನು ತೆಗೆದು ಕ್ರೀಡಾಂಗಣದ ಮೆಟ್ಟಿಲ ಮೇಲಿಟ್ಟಳು. ಮೂರನೆಯದು ಕಾಲಲ್ಲೇ ಇತ್ತು. ಓಟಕ್ಕೆ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು.

ಧರಣಪ್ಪ ಮೇಷ್ಟ್ರು ಶೂಗಳ ಕಡೆ ನೋಡಲೇ ಇಲ್ಲ.

"ಶೂ ವಿಷಯ ನನ್ನನ್ನು ಕೇಳುತ್ತೀಯಾ? ನಾನು ಹಾಸನದಿಂದ ಮಂಗಳೂರಿಗೆ ಬರಿಗಾಲಲ್ಲಿ ಓಡಿ, ಕಡಲಲ್ಲಿ ಕಾಲು ತೊಳೆದುಕೊಂಡು, ಅದೇ ದಿನ ಊಟದ ಹೊತ್ತಿಗೆ ಮನೆಗೆ ವಾಪಸ್ ಬಂದವನು."

ವನಮಾಲಾ ಅವರ ಮುಖವನ್ನೇ ನೋಡಿದಳು.

"ಸುಳ್ಳು," ಎಂದರು ಮೇಷ್ಟ್ರು. "ಬಸ್ಸಿನಲ್ಲಿ ಹೋಗಿದ್ದೆ. ಅದೂ ಸಕಲೇಶಪುರದವರೆಗೆ. ತಲೆ ಸುತ್ತಿ ಇಳಿದುಬಿಟ್ಟೆ. ಆದರೆ ಈಗ ಹೇಳುವ ಕತೆ ಅಷ್ಟು ಸುಳ್ಳಲ್ಲ."

ಅವಳಿಗೆ ನಗು ಬಂತು. ಹೈಸ್ಕೂಲಿನಲ್ಲಿ ಅವಳಿಗೆ ಓಡುವುದನ್ನು ಕಲಿಸಿದವರು ಇವರೇ. ಆಗಲೂ ಹೀಗೆಯೇ ಇದ್ದರು. ಕೊನೆಯ ಸುತ್ತಿನಲ್ಲಿ ಮೈಸೂರುಪಾಕು ಕಾದಿದೆ ಎಂದು ಹುಡುಗಿಯರನ್ನೆಲ್ಲ ಓಡಿಸುತ್ತಿದ್ದರು. ಕೊನೆಯ ಸುತ್ತು ಮುಗಿದಾಗ ಅಲ್ಲಿ ಮೇಷ್ಟ್ರೊಬ್ಬರೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮೈಸೂರುಪಾಕಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಈಗ ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತೊಂಬತ್ತು. ಹತ್ತನೆಯ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟದ ಓಟವೊಂದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಅದು ಇನ್ನೂ ಮನಸ್ಸಿನಿಂದ ಹೋಗಿರಲಿಲ್ಲ. ಬದುಕಿನಲ್ಲಿ ಒಂದು ಓಟವನ್ನಾದರೂ ಕೊನೆ ಮುಟ್ಟಿಸಬೇಕು ಎಂದು ಒಂದು ವರ್ಷದಿಂದ ದಿನವೂ ಓಡುತ್ತಿದ್ದಳು. ಹನ್ನೊಂದು ದಿನದಿಂದ ಬಲಗಾಲಿನ ಮೊಣಕಾಲ ಕೆಳಗೆ ನೋವು ಕಾಣಿಸಿಕೊಂಡಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೇಷ್ಟ್ರು ಓಟವೇ ಬೇಡ ಎಂದುಬಿಟ್ಟಾರು ಎಂಬ ಭಯ. ತಪ್ಪೆಲ್ಲ ಶೂವಿನದೇ ಇರಬೇಕು, ಸರಿಯಾದ ಜೊತೆ ಸಿಕ್ಕರೆ ನೋವು ತಾನಾಗಿ ಹೋಗುತ್ತದೆ ಎಂದುಕೊಂಡಿದ್ದಳು.

ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಒಂದು ದಿನ ಅವನ ಹೆಂಡತಿ, "ಕೂತು ಕೂತು ನಿಮಗೆ ಗಾದಿಯ ಮೇಲೇ ಬೇರು ಬಂದಿದೆ" ಎಂದಳು. ಅವನಿಗೆ ರೋಷ ಬಂತು. ನಲವತ್ತೆರಡು ಕಿಲೋಮೀಟರ್ ಓಡುತ್ತೇನೆ ಎಂದ. ಓಟದ ದಾರಿ ಅವರ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. "ಅವತ್ತು ಬಾಗಿಲಲ್ಲಿ ನಿಂತಿರು, ಬೇರು ಬಂದವನು ಹೇಗೆ ಹೋಗುತ್ತಾನೆ ನೋಡುವೆಯಂತೆ" ಎಂದ.

ಶೂ ಕೊಳ್ಳಲು ಸಂಜೆ ಹೋದ. ದಿನವಿಡೀ ಓಡಾಡಿದ ಪಾದ ಸಂಜೆಗೆ ಕೊಂಚ ಉಬ್ಬಿರುತ್ತದೆ, ಆಗ ಸರಿಹೋದದ್ದು ಓಡುವಾಗಲೂ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರು. ಹಾಕಿಕೊಂಡು ನಿಂತ. ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟುಕೊಂಡ. ಆಮೇಲೂ ಸಮಾಧಾನವಾಗಲಿಲ್ಲ. ಬೆಲ್ಲದ ಅಚ್ಚನ್ನು ಆರಿಸುವಂತೆ ಒತ್ತಿ ನೋಡಿದ, ಮೂಸಿ ನೋಡಿದ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ.

"ಅಕ್ಕಿ ವ್ಯಾಪಾರಿ ಎಂದಿರಲ್ಲ ಮೇಷ್ಟ್ರೇ?"

"ಬೆಲ್ಲದ ವ್ಯಾಪಾರಿ. ನೀನು ಕೇಳಿಸಿಕೊಳ್ಳುತ್ತಿದ್ದೀಯೋ ಇಲ್ಲವೋ ನೋಡೋಣ ಎಂದು ಅಕ್ಕಿ ಎಂದೆ."

ಅಂಗಡಿಯವನು ಹೇಳಿದ: ಒಂದೇ ಜೊತೆಯನ್ನು ದಿನವೂ ಹಾಕಬೇಡಿ. ಓಡಿದಾಗ ಅಡಿಯ ಅಟ್ಟೆ ಅದುಮಿಕೊಳ್ಳುತ್ತದೆ. ಒಂದು ದಿನ ಬಿಟ್ಟರೆ ಮತ್ತೆ ಮೇಲೇಳುತ್ತದೆ. ವ್ಯಾಪಾರಿಗೆ ಈ ಮಾತು ಬಹಳ ಹಿಡಿಸಿತು. ತನ್ನ ಉಗ್ರಾಣದಲ್ಲೂ ಅವನು ವಾರಕ್ಕೊಮ್ಮೆ ಕೆಳಗಿನ ಮೂಟೆಯನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಹಾಕಿಸುತ್ತಿದ್ದ. ಒಂದೇ ಮೂಟೆ ಸದಾ ಭಾರ ಹೊತ್ತರೆ ಅದರ ಬೆಲ್ಲ ಬೆವರುತ್ತದೆ. ಅವನು ಮೂರು ಜೊತೆ ಕೊಂಡ.

ಬಿಳಿಯದಕ್ಕೆ ಹಂಸ ಎಂದು ಹೆಸರಿಟ್ಟ. ಕಪ್ಪಿನದು ಕರಿಯ. ಕೆಂಪಿನದು ಕೆಂಚ. ಯಾವ ದಿನ ಯಾವುದರ ಸರದಿ ಎಂದು ಗೋಡೆಯ ಮೇಲೆ ಬರೆದ. ಸೋಮವಾರ ಹಂಸ, ಮಂಗಳವಾರ ಕರಿಯ, ಬುಧವಾರ ಕೆಂಚ. ಗುರುವಾರ ಮತ್ತೆ ಹಂಸ. ಓಡಿ ಬಂದ ಜೊತೆಯನ್ನು ಒರೆಸುತ್ತಿದ್ದ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸುತ್ತಿದ್ದ. ಒಮ್ಮೆ ಕಸ ಗುಡಿಸುತ್ತಿದ್ದ ಹೆಂಡತಿ ಪೊರಕೆಯಿಂದ ಕೆಂಚನನ್ನು ಪಕ್ಕಕ್ಕೆ ತಳ್ಳಿದಳು.

"ಮೆಲ್ಲಗೆ ಕಣೇ! ನಿನ್ನೆ ಇಪ್ಪತ್ತು ಕಿಲೋಮೀಟರ್ ಓಡಿ ಬಂದು ಮಲಗಿದೆ."

"ಹಾಲು ಕಾಯಿಸಿ ಕುಡಿಸಲೇನ್ರೀ?"

ಇಲ್ಲಿ ಮೇಷ್ಟ್ರು ಕತೆ ನಿಲ್ಲಿಸಿ, ಎದುರಿನ ಅಂಗಡಿಯಿಂದ ಬಂದ ಟೀಯನ್ನು ಸಾವಕಾಶವಾಗಿ ಎರಡು ಗುಟುಕು ಕುಡಿದರು. ವನಮಾಲಾ ಗೊತ್ತಿಲ್ಲದೆಯೇ ಬಲಗಾಲನ್ನು ಒಂದು ಮೆಟ್ಟಿಲು ಕೆಳಗೆ ಚಾಚಿದಳು. ಮೇಷ್ಟ್ರು ಆಕಾಶ ನೋಡುವವರಂತೆ ಕೂತಿದ್ದರು.

ಹೀಗೆ ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ವ್ಯಾಪಾರಿಯ ಎಡಮೊಣಕಾಲು ನೋಯಿತು. ಅವತ್ತು ಕರಿಯನ ಸರದಿ. ಇದು ಕರಿಯನದೇ ಕಿತಾಪತಿ ಎಂದು ಅವನ ಹೆಸರನ್ನು ಗೋಡೆಯಿಂದ ಅಳಿಸಿದ. ನೋವು ಹೋಗಲಿಲ್ಲ. ಕೆಂಚನ ಮೇಲೆ ಅನುಮಾನ ಬಂತು. ಅವನನ್ನೂ ಅಟ್ಟಕ್ಕೆ ಹಾಕಿದ. ನೋವು ಹೋಗಲಿಲ್ಲ. ಹಂಸನನ್ನು ಬೈಯಲು ಮನಸ್ಸು ಬರಲಿಲ್ಲ. ಮೊದಲು ಕೊಂಡದ್ದು ಅದೇ. ಆದ್ದರಿಂದ ನಾಲ್ಕನೆಯ ಜೊತೆ ತಂದು ಸರದಾರ ಎಂದು ಹೆಸರಿಟ್ಟ. ಸರದಾರ ಎರಡು ದಿನ ಚೆನ್ನಾಗಿಯೇ ನಡೆದುಕೊಂಡ. ಮೂರನೆಯ ದಿನ ಮತ್ತೆ ಅದೇ ನೋವು. ಓಟ ಹತ್ತಿರ ಬಂದಿತ್ತು. ಹೆಂಡತಿ ಬಾಗಿಲಲ್ಲಿ ನಿಲ್ಲಲು ಹೊಸ ಸೀರೆ ತೆಗೆದಿಟ್ಟಿದ್ದಳು. ಅವಳ ಎದುರಿಗೆ ವ್ಯಾಪಾರಿ ನೆಟ್ಟಗೆ ನಡೆಯುತ್ತಿದ್ದ. ಅವಳು ಒಳಗೆ ಹೋದ ಕೂಡಲೇ ಗೋಡೆ ಹಿಡಿಯುತ್ತಿದ್ದ.

ಕೊನೆಗೆ ನಾಲ್ಕು ಜೊತೆಯನ್ನೂ ಬೆಲ್ಲದ ಗೋಣಿಯಲ್ಲಿ ತುಂಬಿಕೊಂಡು, ಬಸ್ ನಿಲ್ದಾಣದ ಪಕ್ಕದಲ್ಲಿ ಚಪ್ಪಲಿ ರಿಪೇರಿ ಮಾಡುವ ಮುದುಕನ ಹತ್ತಿರ ಹೋದ. ಮುದುಕ ಎಲ್ಲವನ್ನೂ ಮಗುಚಿ, ಅಟ್ಟೆ ಮೇಲಾಗಿ ಸಾಲಾಗಿ ಇಟ್ಟ. ಒಂದೊಂದರ ಹಿಮ್ಮಡಿಯ ಮೇಲೂ ಹೆಬ್ಬೆರಳು ಆಡಿಸಿದ. ಅದು ಅವನು ಕೆಲಸ ಮಾಡುವ ರೀತಿ. ಹೊಲಿಗೆ ಹಾಕುವ ಮುಂಚೆ, ಮನುಷ್ಯ ಹೇಗೆ ನಡೆಯುತ್ತಾನೆ ಎಂದು ಅಟ್ಟೆಯಲ್ಲಿ ನೋಡಿಕೊಳ್ಳುತ್ತಿದ್ದ.

"ಇದರಲ್ಲಿ ಕೆಟ್ಟದ್ದು ಯಾವುದಪ್ಪ?" ಎಂದು ವ್ಯಾಪಾರಿ ಕೇಳಿದ.

"ಯಾವುದೂ ಕೆಟ್ಟಿಲ್ಲ ಸ್ವಾಮಿ," ಎಂದ ಮುದುಕ. "ನಾಲ್ಕರಲ್ಲೂ ಬಲಗಾಲಿನದು ಒಂದೇ ಜಾಗದಲ್ಲಿ ಸವೆದಿದೆ. ಎಡಗಾಲಿನದು ನೆಲ ಕಂಡೇ ಇಲ್ಲವೇನೋ ಅನ್ನುವ ಹಾಗಿದೆ. ಬಹಳ ದಿನದಿಂದ ಎಡಗಾಲು ಊರಲಾರದೆ ಓಡುತ್ತಿದ್ದೀರಿ. ಶೂಗಳನ್ನು ಮಾತ್ರ ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ. ಎಲ್ಲಕ್ಕೂ ರಜೆ ಸಿಕ್ಕಿದೆ."

ಅವನು ಎಂಟು ಶೂಗಳನ್ನೂ ಗೋಣಿಗೆ ವಾಪಸ್ ತುಂಬಿ, ವ್ಯಾಪಾರಿಯ ಕೈಗೆ ಕೊಟ್ಟ. ಹೊಲಿಯಲು ಅವನಿಗೆ ಏನೂ ಸಿಗಲಿಲ್ಲ.

ಮೇಷ್ಟ್ರು ಇಷ್ಟು ಹೇಳಿ ಉಳಿದ ಟೀ ಕುಡಿದು ಮುಗಿಸಿದರು.

ವನಮಾಲಾ ಕಾದಳು. ಮೇಷ್ಟ್ರು ಮುಂದುವರಿಸುವಂತೆ ಕಾಣಲಿಲ್ಲ.

"ಆಮೇಲೆ? ಅವನು ಓಡಿದನೋ ಇಲ್ಲವೋ?" ಅವಳ ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಈ ಕತೆಯನ್ನು ನಾನು ಎರಡು ಥರ ಹೇಳುತ್ತೇನೆ. ಒಂದರಲ್ಲಿ ಅವನು ಹೆಂಡತಿಗೆ ನಿಜ ಹೇಳಿದ. ಬೇಕಾದಷ್ಟು ಬೈಸಿಕೊಂಡ. ಅವಳೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹತ್ತು ದಿನ ಗಾದಿಯ ಮೇಲೆ ಕಾಲು ಚಾಚಿ ಕೂತ. ಆಮೇಲೆ ಓಟದ ದಿನ ನಿಧಾನವಾಗಿ, ಎಲ್ಲರಿಗಿಂತ ಹಿಂದೆ, ಬಾಗಿಲಲ್ಲಿ ನಿಂತವಳಿಗೆ ಕೈ ಬೀಸುತ್ತಾ ಹೋಗಿ ಓಟ ಮುಗಿಸಿದ."

"ಇನ್ನೊಂದರಲ್ಲಿ?"

"ಇನ್ನೊಂದರಲ್ಲಿ ಐದನೆಯ ಜೊತೆ ಕೊಂಡ."

"ಎರಡರಲ್ಲಿ ಯಾವುದು ನಿಜ ಮೇಷ್ಟ್ರೇ?"

"ನಿನ್ನ ಬಲಗಾಲನ್ನು ಕೇಳು."

ವನಮಾಲಾ ಬಗ್ಗಿ, ಬಲಗಾಲಿನ ಲೇಸು ಬಿಚ್ಚಿದಳು. ಮೇಷ್ಟ್ರು ಖಾಲಿ ಲೋಟವನ್ನು ಅವಳ ಕಡೆಗೆ ಸರಿಸಿದರು.

"ಟೀ ದುಡ್ಡು ನೀನೇ ಕೊಟ್ಟು ಬಾ ತಾಯಿ, ನಡೆದುಕೊಂಡು ಹೋಗು."