ಎಲ್ಲವನ್ನೂ ಇಲ್ಲೇ ನಡೆಸು

ಈ ಕತೆಯನ್ನು ನಾನು ಮೊದಲು ಕೇಳಿದ್ದು ನಮಗೆ ಕಂಪ್ಯೂಟರ್ ವಿಜ್ಞಾನ ಕಲಿಸಿದ ವಾರಿಜಾ ಮೇಡಂ ಬಾಯಲ್ಲಿ. ಅವರು ಹೇಳಿದ್ದು ನನಗಲ್ಲ, ತಮ್ಮ ಹಳೆಯ ಶಿಷ್ಯೆ ಮುಮ್ತಾಜ್‌ಗೆ. ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.

ಮುಮ್ತಾಜ್ ಒಂದು ಪ್ರಯೋಗಾಲಯದ ಮುಖ್ಯಸ್ಥೆ. "ಮೇಡಂ, ಒಬ್ಬಳೇ ಇದ್ದಾಗಲೂ ಇಷ್ಟು ಸುಸ್ತಾಗುತ್ತಿರಲಿಲ್ಲ. ಈಗ ಕೈಕೆಳಗೆ ಆರು ಜನ ಇದ್ದಾರೆ. ಆದರೂ ಎಲ್ಲ ನನ್ನ ತಲೆಯ ಮೇಲೇ ಯಾಕೆ ಬೀಳುತ್ತದೆ? ರಾಜೀನಾಮೆ ಕೊಟ್ಟುಬಿಡುತ್ತೇನೆ" ಎಂದಳು.

"ಕೊಡುವೆಯಂತೆ. ಮೊದಲು ಇದನ್ನು ಕೇಳು" ಎಂದರು ಮೇಡಂ.

ಒಬ್ಬ ಸಂಶೋಧಕಿ ಇದ್ದಳು. ಮರುದಿನ ಕಡಲ ಮೇಲೆ ಗಾಳಿ ಹೇಗೆ ಬೀಸುತ್ತದೆಂದು ಲೆಕ್ಕ ಹಾಕಿ, ದೋಣಿಗಳು ಹೊರಡುವ ಮೊದಲು ಮೀನುಗಾರರಿಗೆ ತಿಳಿಸುವುದು ಅವಳ ಕೆಲಸ. ಅವಳ ಮೇಜಿನ ಮೇಲಿನ ಒಂದು ಕಂಪ್ಯೂಟರಿಗೆ ಅದು ಭಾರವಾಯಿತು. ನೂರಾರು ಯಂತ್ರಗಳನ್ನು ಜೋಡಿಸಿಟ್ಟ ಗಣಕ ಕೇಂದ್ರಕ್ಕೆ ತನ್ನ ಪ್ರೋಗ್ರಾಂ ಒಯ್ದಳು. ಅಲ್ಲಿ ಯಾರ ಕೆಲಸಕ್ಕೆ ಯಾವ ಯಂತ್ರ, ಯಾವಾಗ ಎಂದು ಹಂಚುವುದು ಶೆಡ್ಯೂಲರ್ ಎಂಬ ತಂತ್ರಾಂಶ.

ಅವಳು ಕೆಲಸವನ್ನು ಎಂಟು ಚೂರು ಮಾಡಿ ಎಂಟು ಯಂತ್ರ ಕೇಳಿದಳು. ಶೆಡ್ಯೂಲರ್ ಕೊಟ್ಟಿತು. ಲೆಕ್ಕ ತಡವಾಯಿತು. ಕೆಲಸವನ್ನು ಇನ್ನಷ್ಟು ಚೂರು ಮಾಡಿ ಮೂವತ್ತು ಕೇಳಿದಳು. ಅಷ್ಟು ಯಂತ್ರ ಬಿಡುವಾಗುವವರೆಗೆ ಸರದಿಯಲ್ಲಿ ಕಾದಳು. ಲೆಕ್ಕ ಇನ್ನೂ ತಡವಾಯಿತು. ಅದು ಮುಗಿಯುವ ಮೊದಲೇ ಗಾಳಿ ಬಂತು. ಒಂದು ದೋಣಿ ಬಲೆಯನ್ನೆಲ್ಲ ಕಡಲಿಗೆ ಬಿಟ್ಟು, ಹೇಗೋ ಜೀವ ಉಳಿಸಿಕೊಂಡು ಮರಳಿತು.

ಸಂಶೋಧಕಿ ಕೇಂದ್ರದ ಮೇಲ್ವಿಚಾರಕನ ಬಳಿ ಹೋದಳು. "ಇನ್ನೊಂದು ದೋಣಿ ಮರಳದೇ ಹೋದರೆ ನಾನು ಏನು ಹೇಳಲಿ? ನೂರು ಯಂತ್ರ ಕೊಡಿ" ಎಂದಳು.

ಅವನು ಆಕಳಿಸಿದ. "ಕೊಟ್ಟ ಮೂವತ್ತರಲ್ಲಿ ಇಪ್ಪತ್ತೊಂಬತ್ತು ಬೆಚ್ಚಗೂ ಆಗಿಲ್ಲವಲ್ಲಮ್ಮ. ನಿಮ್ಮ ಹೆಸರಿನಲ್ಲಿ ಸುಮ್ಮನೆ ಕೂತಿವೆ. ಬೇರೆಯವರು ಅವಕ್ಕಾಗಿ ಹೊರಗೆ ಕಾಯುತ್ತಾ ನನ್ನನ್ನು ಬೈಯುತ್ತಿದ್ದಾರೆ."

"ಹಾಗಾದರೆ ಕೆಲಸ ಮಾಡುತ್ತಿರುವುದು ಯಾವುದು?"

"ಮೊದಲು ಕೈಗೆ ಸಿಕ್ಕಿದ್ದು. ಮೂವತ್ತರ ಕೆಲಸ ಅದೊಂದರ ಮೇಲೆ."

ಇಬ್ಬರೂ ಪ್ರೋಗ್ರಾಂ ತೆರೆದು ನೋಡಿದರು. ಅವಳು ಒಂಟಿ ಕಂಪ್ಯೂಟರಿನಲ್ಲಿ ದುಡಿಯುತ್ತಿದ್ದಾಗ ಬರೆದ ಒಂದು ಸಾಲು ಹಾಗೇ ಇತ್ತು: ಎಲ್ಲವನ್ನೂ ಇಲ್ಲೇ ನಡೆಸು. ತನಗೆ ಯಾವ ಯಂತ್ರಗಳು ಸಿಕ್ಕಿವೆ ಎಂದು ಪ್ರೋಗ್ರಾಂ ಶೆಡ್ಯೂಲರನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಆ ಸಾಲು ಅಳಿಸಿ, ಶೆಡ್ಯೂಲರನ್ನು ಕೇಳಿ ಸಿಕ್ಕ ಯಂತ್ರಗಳಿಗೆಲ್ಲ ಕೆಲಸ ಹಂಚುವಂತೆ ಬರೆದಳು. ಮರುದಿನ ದೋಣಿಗಳ ಹಗ್ಗ ಬಿಚ್ಚುವ ಮೊದಲೇ ಸುದ್ದಿ ದಡ ಮುಟ್ಟಿತು.

ಮೇಡಂ ಕತೆ ನಿಲ್ಲಿಸಿದರು.

ಮುಮ್ತಾಜ್ ಕಣ್ಣು ಒರೆಸಿಕೊಂಡಳು. "ಪಾಪ, ಆ ಮೊದಲನೇ ಯಂತ್ರ. ನನ್ನದೂ ಅದೇ ಕತೆ ಮೇಡಂ. ನಾನೇ ಅದು."

"ನೀನು ಆ ಯಂತ್ರವಲ್ಲಮ್ಮ, ಆ ಸಾಲು ಬರೆದವಳು" ಎಂದರು ಮೇಡಂ.

ಮುಮ್ತಾಜ್ ಫೋನ್ ತೆಗೆದು ಆ ಆರು ಜನರ ಹೆಸರನ್ನು ಒಂದೊಂದಾಗಿ ಬರೆಯತೊಡಗಿದಳು.

ಎಲ್ಲವನ್ನೂ ತಾವೇ ಮಾಡಿ ದಣಿದವರು ನಿಮಗೂ ಯಾರಾದರೂ ಗೊತ್ತಿರುತ್ತಾರೆ. ಅವರಿಗೆ ಇದನ್ನು ಹೇಳಿ. ಊಟವಾದ ಮೇಲೆ ಹೇಳಿ, ಹಸಿದಿದ್ದಾಗ ಬೇಡ.