ಬಳೆಗಾರನ ಹೊಸ ಗಾಡಿ

"ಬುದ್ಧೀ, ಹೊಸ ಗಾಡಿಯ ಮೊದಲನೇ ಸರ್ವೀಸು ಗ್ಯಾರೇಜಿನವರ ಕೈಗೆ ಕೊಡ್ಲಾ, ಇಲ್ಲ ನಾನೇ ಮಾಡ್ಕೊಂಡ್ಬಿಡ್ಲಾ?" ಎಂದು ಮರುಳಸಿದ್ಧ ಕೇಳಿದ.

ಮಠದ ಗುರುಗಳು ಪ್ರಸಾದ ಮುಗಿಸಿ ಜಗಲಿಯ ಮೇಲೆ ಕೂತಿದ್ದರು. ಮೋಕ್ಷದ ದಾರಿ ಕೇಳಿಕೊಂಡು ಬರುವವರು ಈಚೆಗೆ ಕಡಿಮೆಯಾಗಿದ್ದರು. ಬದುವಿನ ಜಗಳ, ಮಗಳ ಮದುವೆ, ಮಂಡಿ ನೋವು ಎಂದು ಬರುವವರೇ ಹೆಚ್ಚು. ಆದರೆ ಎಂಜಿನ್ ಆಯಿಲಿನ ಸಂಶಯ ಹೊತ್ತು ಬಂದವನು ಇವನೇ ಮೊದಲು. ಗುರುಗಳಿಗೆ ಒಳಗೊಳಗೇ ಖುಷಿಯಾಯಿತು.

ಮರುಳಸಿದ್ಧ ಚಿಕ್ಕವನಿದ್ದಾಗ ಅಪ್ಪನ ಕೈ ಹಿಡಿದುಕೊಂಡು ಈ ಮಠದ ಶಾಲೆಗೆ ಬಂದವನು. ಇಲ್ಲೇ ಉಂಡು, ಇಲ್ಲೇ ಓದಿ, ಈಗ ಅದೇ ಶಾಲೆಯಲ್ಲಿ ಮೇಷ್ಟರಾಗಿದ್ದ. ಬಹಳ ದಿನ ಆಸೆಪಟ್ಟು ಮೊನ್ನೆ ಮೊನ್ನೆ ಮೋಟಾರ್ ಸೈಕಲ್ ಕೊಂಡಿದ್ದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತ ನೀವೇ ಹೇಳ್ಕೊಟ್ಟಿದ್ದು ಬುದ್ಧಿ. ಸ್ಪ್ಯಾನರ್ ತಂದಿದ್ದೀನಿ, ಆಯಿಲ್ ತಂದಿದ್ದೀನಿ, ಮೊಬೈಲಲ್ಲಿ ವಿಡಿಯೋನೂ ನೋಡ್ಕೊಂಡಿದ್ದೀನಿ. ಸೋಮವಾರ ಊರಿಗೆ ಹೋಗಿ ಅಪ್ಪನ್ನ ಹಿಂದೆ ಕೂರಿಸ್ಕೊಂಡು ಒಂದು ಸುತ್ತು ಬರ್ಬೇಕು. ಅಪ್ಪ ಕೂರೋ ಗಾಡೀನ ಗುರುತು ಪರಿಚಯ ಇಲ್ದೋರ ಕೈಗೆ ಹೆಂಗೆ ಕೊಡೋದು?"

ಗುರುಗಳು ಅಂಗಳದ ಕಡೆ ನೋಡಿದರು. ಗಾಡಿ ಬೇವಿನ ಮರದ ನೆರಳಲ್ಲಿ ನಿಂತಿತ್ತು. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಅವನು ಇನ್ನೂ ಬಿಚ್ಚಿರಲಿಲ್ಲ. ಕೂತರೆ ಚರಚರ ಸದ್ದು ಮಾಡುತ್ತಿತ್ತು, ಆದರೂ ಬಿಚ್ಚಿರಲಿಲ್ಲ.

"ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಗುರುಗಳು ನಕ್ಕರು. "ಕೂತ್ಕೋ. ಒಬ್ಬ ಬಳೆಗಾರನ ಕತೆ ಹೇಳ್ತೀನಿ." ಹಾಗೆಂದು ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಗಾಜಿನ ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುವುದು ಅವನ ಕಸುಬು. ಅವನ ಕೈಗುಣ ಸುತ್ತಲಿನ ಊರುಗಳಲ್ಲೆಲ್ಲ ಮನೆಮಾತು. ಹೆಂಗಸಿನ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿದನೆಂದರೆ ಬಳೆ ತಾನಾಗಿ ಜಾರಿ ಮಣಿಕಟ್ಟು ಸೇರುತ್ತಿತ್ತು. ಗಾಜು ಬಲವಂತಕ್ಕೆ ಒಗ್ಗುವ ವಸ್ತುವಲ್ಲ. ಬಲ ಹಾಕಿದರೆ ಬಳೆಯೂ ಹೋಗುತ್ತದೆ, ಕೈಯೂ ಗಾಯವಾಗುತ್ತದೆ. ಹೆದರಿ ಕೈ ಬಿಗಿ ಹಿಡಿದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು. "ಕೈ ಸಡಿಲ ಬಿಡು ತಾಯಿ, ಮಿಕ್ಕಿದ್ದು ನನಗೆ ಬಿಡು."

ವಯಸ್ಸಾಗುತ್ತ ಬಂದ ಹಾಗೆ ಹೆಗಲು ಸೋತಿತು. ಬಳೆಗಾರ ಒಂದು ಹೊಸ ಮೋಟಾರ್ ಸೈಕಲ್ ಕೊಂಡ. ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ. ಬೇರೆಯವರು ಹ್ಯಾಂಡಲ್ಲಿಗೆ ಹೂವಿನ ಹಾರ ಹಾಕಿ ಸುಮ್ಮನಾಗುತ್ತಾರೆ. ಇವನು ಅದರ ಜೊತೆಗೆ ಒಂದು ಹಸಿರು ಗಾಜಿನ ಬಳೆಯನ್ನು ದಾರದಲ್ಲಿ ಕಟ್ಟಿದ. ಅದು ಒಡೆಯದ ಹಾಗೆ ಗಾಡಿ ಓಡಿಸುವುದು ಅವನು ತನಗೆ ತಾನೇ ಹಾಕಿಕೊಂಡ ಪಂಥ. ಹಾಗೆಯೇ ಓಡಿಸಿದ. ಎತ್ತಿನ ಗಾಡಿಯವರೂ ಅವನನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು.

ಮೊದಲನೇ ಸರ್ವೀಸಿನ ಸಮಯ ಬಂತು. ಹೊಸ ಎಂಜಿನ್ನಿನ ಒಳಭಾಗಗಳು ಮೊದಮೊದಲು ಒಂದಕ್ಕೊಂದು ಒಗ್ಗಿರುವುದಿಲ್ಲ. ಹೊಸ ಸಂಸಾರದ ಹಾಗೆ ತಿಕ್ಕಾಡುತ್ತವೆ. ತಿಕ್ಕಾಡಿ ಉದುರಿದ ಲೋಹದ ಪುಡಿ ಎಣ್ಣೆಯಲ್ಲಿ ಸೇರಿಕೊಳ್ಳುತ್ತದೆ. ಆ ಎಣ್ಣೆ ತೆಗೆದು ಹೊಸ ಎಣ್ಣೆ ಹಾಕಬೇಕು, ಸಡಿಲವಾದದ್ದನ್ನು ಬಿಗಿ ಮಾಡಬೇಕು, ಬಿಗಿಯಾದದ್ದನ್ನು ಸಡಿಲ ಮಾಡಬೇಕು. ಮೊದಲನೇ ಸರ್ವೀಸು ಎಂದರೆ ಇಷ್ಟೇ.

ಬಳೆಗಾರನಿಗೆ ಗಾಡಿಯನ್ನು ಗ್ಯಾರೇಜಿಗೆ ಬಿಡಲು ಮನಸ್ಸು ಬರಲಿಲ್ಲ. ಚಹಾದಂಗಡಿಯಲ್ಲಿ ಕೂತವರು ಆ ಮನಸ್ಸಿಗೆ ಇನ್ನಷ್ಟು ಉಪ್ಪು ಖಾರ ಹಚ್ಚಿದರು. ಗ್ಯಾರೇಜಿನವರು ಎಣ್ಣೆಯನ್ನೇ ಬದಲಾಯಿಸುವುದಿಲ್ಲ, ನೀರು ಹಾಕಿ ತೊಳೆದು ಕೊಡುತ್ತಾರೆ ಎಂದ ಒಬ್ಬ. ಹೊಸ ಗಾಡಿ ಸಿಕ್ಕರೆ ಊರೆಲ್ಲ ಓಡಿಸಿ ನೋಡುತ್ತಾರೆ ಎಂದ ಇನ್ನೊಬ್ಬ. ಹಾಗೆ ಹೇಳಿದ ಇಬ್ಬರ ಹತ್ತಿರವೂ ಗಾಡಿ ಇರಲಿಲ್ಲ. ಬಳೆಗಾರ ಅದನ್ನು ಕೇಳಲು ಹೋಗಲಿಲ್ಲ. ನಮಗೆ ಬೇಕಾದ ಮಾತು ಆಡಿದವನನ್ನು ನಾವು ಯಾರೂ ಅಡ್ಡ ಪ್ರಶ್ನೆ ಕೇಳುವುದಿಲ್ಲ.

ಅವನೇ ಕೂತು ಕೆಲಸ ಮಾಡಿದ. ತಪ್ಪೇನೂ ಮಾಡಲಿಲ್ಲ. ಹಳೆಯ ಎಣ್ಣೆ ಇಳಿಸಿದ. ಎಂಜಿನ್ನಿನ ಅಡಿಯ ಬೋಲ್ಟು ಒರೆಸಿ ಮತ್ತೆ ಹಾಕಿದ. ಹೊಸ ಎಣ್ಣೆ ತುಂಬಿದ. ಅಲ್ಲಿಗೆ ಎದ್ದಿದ್ದರೆ ನಾನು ಈ ಕತೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅವನಿಗೆ ಬೋಲ್ಟು ಸಡಿಲವಿದ್ದರೇನು ಗತಿ ಎಂಬ ಹೆದರಿಕೆ ಬಂತು. ಇನ್ನೊಂದು ಸುತ್ತು ತಿರುಗಿಸಿದ. ಒಳಗೆ ಹೋಗಿ ಕೈ ತೊಳೆದವನು ಮತ್ತೆ ಹೊರಗೆ ಬಂದು, ಸ್ಪ್ಯಾನರಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದ. ಎಲ್ಲೋ ಕಟಕ್ ಎಂದಿತು. ಅದು ಬೋಲ್ಟು ಕಚ್ಚಿಕೊಳ್ಳುವ ಒಳಗಿನ ಥ್ರೆಡ್ಡು ಕಿತ್ತುಹೋದ ಸದ್ದು. ಚೆನ್ನಾಗಿ ಬಿಗಿಯಾಯಿತು ಎಂದುಕೊಂಡು ಅವನು ಸಂತೋಷದಿಂದ ಉಂಡು ಮಲಗಿದ.

ಜೀವಮಾನವಿಡೀ ಊರಿನವರ ಕೈಗೆ ಬಲ ಹಾಕದೆ ಬಳೆ ತೊಡಿಸಿದವನು ಅವನು. ಪ್ರೀತಿಯ ಹೆದರಿಕೆ ಒಂದೇ ಸಂಜೆಯಲ್ಲಿ ಅವನ ಕೈಯ ಹದ ಕೆಡಿಸಿತು.

ಮಾರನೆಯ ದಿನ ಪಕ್ಕದ ಊರಿನ ಒಂದು ಮನೆಯಲ್ಲಿ ಸೀಮಂತ. ಬಸುರಿಗೆ ಹಸಿರು ಬಳೆ ತೊಡಿಸಲು ಇವನು ಹೋಗಬೇಕಾಗಿತ್ತು. ಆ ಹೆಣ್ಣುಮಗಳಿಗೆ ಹಿಂದೊಮ್ಮೆ ಬಸಿರು ನಿಂತು ಕಳೆದುಹೋಗಿತ್ತು. ಈ ಸಲ ಮನೆಯವರೆಲ್ಲ ಉಸಿರು ಬಿಗಿ ಹಿಡಿದುಕೊಂಡೇ ದಿನ ದೂಡಿದ್ದರು. ಒಂದು ಬಳೆಯೂ ಒಡೆಯಬಾರದು, ನೀನೇ ಬರಬೇಕು ಎಂದು ಅವಳ ಅತ್ತೆ ಹೇಳಿ ಕಳಿಸಿದ್ದಳು. ಬಳೆಗಾರ ಬರುತ್ತೇನೆಂದು ಮಾತು ಕೊಟ್ಟಿದ್ದ.

ಅರ್ಧ ದಾರಿಯಲ್ಲಿ ಕಮಟು ವಾಸನೆ ಬಂತು. ಬಳೆಗಾರ ಗಾಡಿ ನಿಲ್ಲಿಸಿ ನೋಡಿದ. ಅಡಿಯ ಬೋಲ್ಟಿನ ಸುತ್ತ ಎಣ್ಣೆ ಜಿನುಗಿ ರಸ್ತೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಪುಣ್ಯಕ್ಕೆ ಆಗಲೇ ನಿಲ್ಲಿಸಿದ, ಇಲ್ಲವಾದರೆ ಎಣ್ಣೆ ಬತ್ತಿ ಎಂಜಿನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಗಾಡಿಯನ್ನು ತಳ್ಳಿಕೊಂಡು ರಸ್ತೆ ಬದಿಯ ಒಂದು ಗ್ಯಾರೇಜಿಗೆ ಹೋದ. ಅಲ್ಲಿನ ಮೇಸ್ತ್ರಿ ಬಗ್ಗಿ ನೋಡಿ, ಸಂಜೆಯ ಹೊತ್ತಿಗೆ ಸರಿ ಮಾಡಿಡುತ್ತೇನೆ, ಬಿಟ್ಟು ಹೋಗಿ ಎಂದ. ಆ ಕಡೆ ಸೀಮಂತದ ಹೊತ್ತು ಮೀರುತ್ತಿತ್ತು. ಈ ಕಡೆ ಬಳೆಗಾರನ ಎರಡು ಕೈಗಳೂ ಹ್ಯಾಂಡಲ್ಲನ್ನು ಬಿಡಲೊಲ್ಲವು.

"ಬಿಟ್ಟು ಹೋದ್ಮೇಲೆ ಇನ್ನೂ ಕೆಟ್ಟೋದ್ರೆ?" ಎಂದ ಬಳೆಗಾರ.

ಮೇಸ್ತ್ರಿ ಗಾಡಿಯ ಪಕ್ಕಕ್ಕೆ ಬಂದ. ಮೊದಲು ಕನ್ನಡಿಯ ಹತ್ತಿರ ಕಟ್ಟಿದ್ದ ಹಸಿರು ಬಳೆಯ ದಾರ ಬಿಚ್ಚಿದ. ತನ್ನ ಕೈಯ ಜಿಡ್ಡು ತಾಗದ ಹಾಗೆ ಅದನ್ನು ಒಂದು ಕಾಗದದಲ್ಲಿ ಸುತ್ತಿ ಬಳೆಗಾರನ ಜೇಬಿಗೆ ಹಾಕಿದ.

"ಇದನ್ನ ನೀವು ತಗೊಂಡ್ಹೋಗಿ, ಇಲ್ಲಿದ್ರೆ ಒಡೆದುಹೋದೀತು" ಎಂದ. "ಇನ್ನು ಹ್ಯಾಂಡಲ್ ಬಿಡಿ ಯಜಮಾನ್ರೇ. ನೀವು ಬಿಟ್ರೆ ತಾನೆ ನಾನು ಮುಟ್ಟೋದು."

ಬಳೆಗಾರ ಕೈ ಬಿಟ್ಟ. ಮಲಾರ ಹೆಗಲಿಗೇರಿಸಿ, ಸಿಕ್ಕ ಹಾಲಿನ ಟೆಂಪೋ ಹತ್ತಿ ಹೋದ.

ಸೀಮಂತದ ಮನೆಯಲ್ಲಿ ಎಲ್ಲರೂ ಬಸುರಿಯ ಸುತ್ತ ನಿಂತಿದ್ದರು. ಇವನು ಬಾರದ್ದು ನೋಡಿ ಅತ್ತೆಯೇ ಮನೆಯಲ್ಲಿದ್ದ ಬಳೆ ತೊಡಿಸಲು ಹೋಗಿ, ಮೊದಲನೆಯದೇ ಒಡೆದಿತ್ತು. ಹುಡುಗಿಯ ಕೈಯಲ್ಲಿ ಸಣ್ಣದೊಂದು ಗೀರು. ಗೀರಿಗಿಂತ ಹೆಚ್ಚಾಗಿ ಒಡೆದ ಗಾಜು ಅವಳನ್ನು ಹೆದರಿಸಿತ್ತು. ಮುಷ್ಟಿ ಬಿಗಿದು ಸೆರಗಿನೊಳಗೆ ಇಟ್ಟುಕೊಂಡವಳು ಯಾರು ಕೇಳಿದರೂ ಕೈ ಕೊಡಲೊಲ್ಲಳು. ಅತ್ತೆ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಬಳೆಗಾರ ಅವಳ ಎದುರು ಕೂತು ತನ್ನ ಹಳೆಯ ಮಾತನ್ನೇ ಹೇಳಿದ. "ಕೈ ಸಡಿಲ ಬಿಡು ತಾಯಿ, ಮಿಕ್ಕಿದ್ದು ನನಗೆ ಬಿಡು."

"ಇನ್ನೊಂದೂ ಒಡೆದ್ರೆ?" ಎಂದಳು ಅವಳು.

ಬಳೆಗಾರನಿಗೆ ಗ್ಯಾರೇಜು ನೆನಪಾಯಿತು. ಸ್ವಲ್ಪ ಹೊತ್ತಿನ ಹಿಂದೆ ತಾನು ಕೇಳಿದ್ದೂ ಅದೇ. ಇಷ್ಟು ವರ್ಷ ಎಷ್ಟೋ ಹೆಂಗಸರು ಇದೇ ಹೆದರಿಕೆಯನ್ನು ಹಿಡಿದುಕೊಂಡು ತನ್ನ ಎದುರು ಕೂತಿದ್ದಾರೆ, ಕೂತೂ ಕೈ ಕೊಟ್ಟಿದ್ದಾರೆ ಎಂಬುದು ಅವನಿಗೆ ಆ ದಿನ ಮೊದಲ ಸಲ ತಿಳಿಯಿತು. ಅವನ ಕಣ್ಣು ತುಂಬಿ ಬಂತು. ಜೇಬಿನಿಂದ ಕಾಗದದ ಸುರುಳಿ ತೆಗೆದು ಬಿಚ್ಚಿದ.

"ನೋಡವ್ವಾ, ಈ ಬಳೆ ಗಾಡಿ ಮೇಲೆ ಹಳ್ಳ ದಿಣ್ಣೆ ಎಲ್ಲ ದಾಟಿ ಬಂದಿದೆ. ಇವತ್ತು ಗ್ಯಾರೇಜಿನೋನ ಕೈಗೂ ಹೋಗಿ ಬಂತು. ಎಲ್ಲೂ ಒಡೀಲಿಲ್ಲ. ನಿನ್ನ ಕೈ ಮೇಲೆ ಯಾಕೆ ಒಡೀತದೆ?"

ಹುಡುಗಿ ಬಳೆಯನ್ನು ನೋಡಿದಳು, ಅವನನ್ನು ನೋಡಿದಳು, ಸೆರಗಿನೊಳಗಿನಿಂದ ಕೈ ತೆಗೆದು ಮುಂದೆ ಚಾಚಿದಳು. ಮುಷ್ಟಿ ಬಿಚ್ಚಿಕೊಂಡಿತು. ಆ ಹಸಿರು ಬಳೆ ಮೊದಲು ಏರಿತು. ಅದರ ಹಿಂದೆ ಉಳಿದವೂ ಒಂದೊಂದಾಗಿ ಏರಿದವು. ಒಂದೂ ಒಡೆಯಲಿಲ್ಲ. ಅತ್ತೆ ಆರತಿ ತಂದಳು, ಹೆಂಗಸರು ಹಾಡು ಶುರುಮಾಡಿದರು, ಬಳೆಗಾರನಿಗೆ ಹೋಳಿಗೆ ಬಡಿಸಿದರು. ಅವನು ಹೊಟ್ಟೆ ತುಂಬ ಉಂಡ.

ಸಂಜೆ ಗ್ಯಾರೇಜಿಗೆ ಹೋದಾಗ ಗಾಡಿ ಸಿದ್ಧವಿತ್ತು. ಮೇಸ್ತ್ರಿ ಥ್ರೆಡ್ಡು ಸರಿಮಾಡಿ ಬೇರೆ ಬೋಲ್ಟು ಹಾಕಿದ್ದ. ಮಿಕ್ಕ ಸರ್ವೀಸನ್ನೂ ಮುಗಿಸಿ ಒರೆಸಿ ನಿಲ್ಲಿಸಿದ್ದ. ಬಳೆ ಎಲ್ಲಿ ಎಂದು ಕೇಳಿದ. ಬಳೆಗೆ ಅದನ್ನು ತೊಡುವ ಕೈ ಸಿಕ್ಕಿತು ಎಂದು ಬಳೆಗಾರ ನಕ್ಕ. ಆಮೇಲೆ ಮಲಾರದಿಂದ ಇನ್ನೊಂದು ಬಳೆ ತೆಗೆದು ಗಾಡಿಗೆ ಕಟ್ಟಿದ. ಮೇಸ್ತ್ರಿಯ ಹೆಂಡತಿಗೂ ಒಂದು ಜೊತೆ ಕೊಟ್ಟ. ಮುಂದಿನ ಸರ್ವೀಸುಗಳಲ್ಲಿ ಕೆಲವನ್ನು ತಾನೇ ಮಾಡಿಕೊಂಡ, ಕೆಲವನ್ನು ಅಲ್ಲಿಗೇ ಬಿಟ್ಟ. ಯಾವಾಗ ಯಾರು ಮಾಡಬೇಕೆಂದು ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಗಾಡಿ ಚೆನ್ನಾಗಿ ಓಡಿತು.

ಗುರುಗಳು ಕತೆ ಮುಗಿಸಿ ನೀರು ಕುಡಿದರು.

ಮರುಳಸಿದ್ಧ ಗಾಡಿಯ ಕಡೆ ಒಮ್ಮೆ ನೋಡಿದ. ಕತೆ ಅವನಿಗೆ ಹಿಡಿಸಿತ್ತು. ಆದರೆ ಮೇಷ್ಟ್ರ ಬುದ್ಧಿ, ಒಂದು ಪ್ರಶ್ನೆ ಉಳಿಯದೆ ಹೋಗುವುದಿಲ್ಲ.

"ಎಲ್ಲ ಸರಿ ಬುದ್ಧಿ. ಆದ್ರೆ ಬಳೆಗಾರನಿಗೆ ಸಿಕ್ಕಿದ ಮೇಸ್ತ್ರಿ ಒಳ್ಳೆಯೋನು. ನನಗೆ ಸಿಗೋನೂ ಹಂಗೇ ಇರ್ತಾನೆ ಅಂತ ಏನು ಗ್ಯಾರಂಟಿ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಗಾಡಿಗಿಂತ ಹೊಸಬನಾಗಿದ್ದ ನಿನ್ನನ್ನ ನನ್ನ ಕೈಗೆ ಕೊಟ್ಟು ಹೋದನಲ್ಲ ನಿಮ್ಮಪ್ಪ, ಅವನಿಗೆ ಯಾರು ಕೊಟ್ಟಿದ್ರು ಗ್ಯಾರಂಟಿ?"