ಎರಡನೆಯ ಸಲ ಉರಿಗೆ ಹೋದ ಇಕ್ಕಳಮ್ಮ

ಪ್ರಯೋಗಾಲಯವೊಂದರಲ್ಲಿ ಬಾಳೆಯ ಎಳೆಯ ಕುಡಿಗಳನ್ನು ಸೀಸೆಗಳಲ್ಲಿ ಬೆಳೆಸುತ್ತಿದ್ದರು. ಸ್ಪಿರಿಟ್ ದೀಪದ ಉರಿಯಲ್ಲಿ ಶುದ್ಧಳಾಗಿ ಬಂದ ಇಕ್ಕಳಮ್ಮ ಕುಡಿಯೊಂದನ್ನು ಎತ್ತುವಷ್ಟರಲ್ಲಿ ಅವಳ ತುದಿ ಮೇಜಿಗೆ ಸೋಕಿತು. ಅದನ್ನು ಕಂಡವನು ಕುಡಿ ಕತ್ತರಿಸುವ ಚಾಕುರಾಯ ಮಾತ್ರ. ಇಕ್ಕಳಮ್ಮ ಕೂಡಲೇ ದೀಪದತ್ತ ತಿರುಗಿದಳು.

"ಹೊರಟರಪ್ಪ ನಮ್ಮ ಮಡಿಯಮ್ಮನವರು! ಇಷ್ಟಕ್ಕೆಲ್ಲ ಮತ್ತೆ ಮೈ ಸುಟ್ಟುಕೊಳ್ಳುತ್ತಾರೆಯೇ? ಯಾರಿಗೂ ಕಾಣದು ಬಿಡಿ" ಎಂದು ಚಾಕುರಾಯ ನಕ್ಕ.

"ಬೂಷ್ಟೂ ಮೊದಲಿಗೆ ಯಾರಿಗೂ ಕಾಣದು, ರಾಯರೇ. ನನಗಾದರೆ ಒಂದು ಗಳಿಗೆಯ ಉರಿ. ಮೇಜಿನ ಬೂಷ್ಟು ಸೀಸೆಯೊಳಗೆ ಹೊಕ್ಕರೆ ಈ ಕೂಸಿನ ಪ್ರಾಣವೇ ಹೋದೀತು."

ಅವಳು ಕೆಂಪಗೆ ಕಾದು, ತಣ್ಣಗಾಗಿ ಬಂದು, ಕುಡಿಯನ್ನು ಸೀಸೆಯಲ್ಲಿ ನೆಟ್ಟಳು. ಮೇಜಿಗೆ ಒರಗಿ ಕುಳಿತಿದ್ದ ಚಾಕುರಾಯ ತನ್ನ ಅಲಗನ್ನೊಮ್ಮೆ ನೋಡಿಕೊಂಡ.

"ಸ್ವಲ್ಪ ದಾರಿ ಬಿಡಿ, ಅಮ್ಮಾ" ಎನ್ನುತ್ತ ಉರಿಯತ್ತ ನಡೆದ.